ಹಣ ಕೊಡುವುದು ಸಂಸ್ಥೆ, ನಂಬಿ ಓದುವುದು ಕೃಷಿಕರು: ಸಂಶೋಧನೆಯ ಮಿತಿಯನ್ನು ಹೇಳುವ ಮಾತನ್ನು ಲೇಖನದಲ್ಲಿ ಉಳಿಸಿಕೊಳ್ಳುವುದು ಹೇಗೆ?

ಸ್ವರ್ಣಾತೀರ, ಉಡುಪಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೊಣಾಜೆಯಲ್ಲಿ ಜೀವವಿಜ್ಞಾನದ ಸ್ನಾತಕೋತ್ತರ ಪದವಿ ಪಡೆದು, ಆರು ವರ್ಷ ಕಾಲೇಜೊಂದರಲ್ಲಿ ಪಾಠ ಹೇಳಿ, ಮನೆಯ ಕಾರಣಗಳಿಗಾಗಿ ಕೆಲಸ ಬಿಟ್ಟವಳು ನಾನು. ಎರಡು ವರ್ಷಗಳಿಂದ ವಿಶ್ವವಿದ್ಯಾನಿಲಯಗಳಿಗೂ ಸಂಶೋಧನಾ ಸಂಸ್ಥೆಗಳಿಗೂ ಅವರ ಸಂಶೋಧನೆಯ ಬಗ್ಗೆ ಸಾಮಾನ್ಯ ಓದುಗರಿಗೆ ಅರ್ಥವಾಗುವ ಲೇಖನಗಳನ್ನು, ಪತ್ರಿಕಾ ಪ್ರಕಟಣೆಗಳನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಬರೆದುಕೊಡುತ್ತಿದ್ದೇನೆ. ಈ ಕೆಲಸಕ್ಕೆ ನಮ್ಮ ಕರಾವಳಿ ಒಳ್ಳೆಯ ನೆಲವೆಂದೇ ನನ್ನ ನಂಬಿಕೆ. ಸುರತ್ಕಲ್‌ನಲ್ಲಿ 1960ರಲ್ಲಿ ಆರಂಭವಾದ ಇಂಜಿನಿಯರಿಂಗ್ ಕಾಲೇಜು ಇಂದು ಎನ್‌ಐಟಿಕೆ ಎಂಬ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯಾಗಿದೆ, ಕೊಣಾಜೆಯಲ್ಲಿ 1980ರಿಂದ ವಿಶ್ವವಿದ್ಯಾನಿಲಯವಿದೆ, ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜಿದೆ, ಮಣಿಪಾಲವಿದೆ, ಪುತ್ತೂರಿನಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ; ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಪ್ರಾದೇಶಿಕ ಕೇಂದ್ರ ವಿಟ್ಲದಲ್ಲಿಯೇ ಇದೆ. ಬೆಳಿಗ್ಗೆ ಹೊರಟರೆ ಇವುಗಳಲ್ಲಿ ಯಾವುದೇ ಜಾಗಕ್ಕೆ ಬಸ್ಸಿನಲ್ಲಿ ಹೋಗಿ, ವಿಜ್ಞಾನಿಯನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿ, ಸಂಜೆಗೆ ಮನೆ ಸೇರಬಹುದು. ನಾನು ಕೆಳಗೆ ಹೇಳುವ ಸಂಸ್ಥೆ ಇವುಗಳಲ್ಲಿ ಯಾವುದೂ ಅಲ್ಲವೆಂದು ಮೊದಲೇ ಸ್ಪಷ್ಟಪಡಿಸುತ್ತೇನೆ.

ಈಗ ಬಂದಿರುವ ತೊಡಕು ಹೀಗಿದೆ. ಒಂದು ಸಸ್ಯದ ಸಾರವು ಅಡಿಕೆಯ ಕೊಳೆರೋಗಕ್ಕೆ ಕಾರಣವಾಗುವ ರೋಗಾಣುವಿನ ಬೆಳವಣಿಗೆಯನ್ನು ಪ್ರಯೋಗಾಲಯದ ತಟ್ಟೆಯಲ್ಲಿ ತಗ್ಗಿಸಿತು ಎಂಬ ಸಂಶೋಧನಾ ಪ್ರಬಂಧದ ಬಗ್ಗೆ ಕನ್ನಡ ಪತ್ರಿಕೆಗಳಿಗೆ ಒಂದು ಪ್ರಕಟಣೆ ಬರೆಯಲು ಸಂಸ್ಥೆಯೊಂದರವರು ನನಗೆ ಹೇಳಿದರು. ಕೆಲಸ ಚೆನ್ನಾಗಿಯೇ ನಡೆದಿದೆ, ಸಂಶೋಧಕರು ಪ್ರಾಮಾಣಿಕರು. ನಾನು ಕೊನೆಯ ಪರಿಚ್ಛೇದದಲ್ಲಿ, "ಇದು ತಟ್ಟೆಯಲ್ಲಿ ಕಂಡ ಫಲಿತಾಂಶ, ತೋಟದಲ್ಲಿ ಇನ್ನೂ ಪರೀಕ್ಷೆಯಾಗಿಲ್ಲ, ಆದ್ದರಿಂದ ಕೃಷಿಕರು ಬೋರ್ಡೋ ದ್ರಾವಣ ಸಿಂಪಡಿಸುವುದನ್ನು ನಿಲ್ಲಿಸಬಾರದು" ಎಂದು ಬರೆದಿದ್ದೆ. ಪ್ರಚಾರ ವಿಭಾಗದಿಂದ ತಿದ್ದುಪಡಿಯಾಗಿ ಬಂದ ಪ್ರತಿಯಲ್ಲಿ ಆ ಪರಿಚ್ಛೇದವೇ ಇರಲಿಲ್ಲ. ಶೀರ್ಷಿಕೆ "ಕೊಳೆರೋಗಕ್ಕೆ ಸಿಕ್ಕಿತು ಗಿಡಮೂಲಿಕೆಯ ಪರಿಹಾರ" ಎಂದಾಗಿತ್ತು. ಪ್ರಕಟಣೆ ಹೊರಡಬೇಕಾಗಿರುವುದು ಮೇ ತಿಂಗಳ ಎರಡನೆಯ ವಾರದಲ್ಲಿ, ಅಂದರೆ ನಮ್ಮ ತೋಟಗಳಲ್ಲಿ ಬೋರ್ಡೋ ದ್ರಾವಣಕ್ಕೆ ಬೇಕಾದ ಮೈಲುತುತ್ತು (ತಾಮ್ರದ ಸಲ್ಫೇಟ್) ತಂದು, ಮದ್ದು ಬಿಡಲು, ಅಂದರೆ ಸಿಂಪಡಿಸಲು, ಜನ ಹುಡುಕುವ ಸಮಯದಲ್ಲಿಯೇ.

ನನ್ನ ತಂದೆಯ ಮನೆಯಲ್ಲಿ ಅಡಿಕೆ ತೋಟವಿದೆ. ಒಂದು ಸುತ್ತಿನ ಮದ್ದು ತಪ್ಪಿದ ವರ್ಷ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಎಳೆಕಾಯಿಗಳು ಮರದ ಬುಡದಲ್ಲಿ ಉದುರಿ ಬಿದ್ದದ್ದನ್ನು ಕಂಡವಳು ನಾನು. ಆದ್ದರಿಂದ ಇದನ್ನು ಬರೀ ಪದಗಳ ವಿಷಯವೆಂದು ಬಿಟ್ಟುಬಿಡಲು ಮನಸ್ಸು ಒಪ್ಪುತ್ತಿಲ್ಲ. ಹಣ ಕೊಡುವವರು ಸಂಸ್ಥೆಯವರಾಗಿರುವಾಗ ನಾನು ಎಷ್ಟರ ಮಟ್ಟಿಗೆ ಹಟ ಹಿಡಿಯಬಹುದು? ಈ ದಾರಿಯಲ್ಲಿ ನನಗಿಂತ ಮುಂದೆ ಹೋದವರು ದಯವಿಟ್ಟು ತಿಳಿಸಬೇಕು. ಶುಲ್ಕ, ಕೃತಿಸ್ವಾಮ್ಯ ಮುಂತಾದ ವಿಷಯಗಳಲ್ಲಿಯೂ ನನಗೆ ಸ್ಪಷ್ಟತೆಯಿಲ್ಲ; ಇದುವರೆಗೆ ಎಲ್ಲವೂ ಬಾಯಿಮಾತಿನಲ್ಲಿಯೇ ನಡೆದಿದೆ.


ಕಡಲಕರೆ, ಮಂಗಳೂರು

ಮೇಡಂ, ನಾನು ಪತ್ರಿಕೆಯ ಕೆಲಸ ಬಿಟ್ಟು ಹದಿನಾಲ್ಕು ವರ್ಷಗಳಿಂದ ಇದೇ ಬರವಣಿಗೆಯಿಂದ ಜೀವನ ನಡೆಸುತ್ತಿದ್ದೇನೆ. ನಿಮ್ಮ ಹಟ ಸರಿಯಾದದ್ದು; ಆದರೆ ಅದನ್ನು ಹಿಡಿಯಬೇಕಾದ ಜಾಗ ಪ್ರಚಾರ ವಿಭಾಗವಲ್ಲ. ಪ್ರಬಂಧದ ಲೇಖಕರ ಬಳಿಗೇ ಹೋಗಿ. ಪ್ರಬಂಧದ ಚರ್ಚೆಯ ಭಾಗದಲ್ಲಿ "ತೋಟದ ಮಟ್ಟದ ಪರೀಕ್ಷೆ ಅಗತ್ಯ" ಎಂಬ ಅರ್ಥದ ವಾಕ್ಯವೊಂದು ಬಹುಪಾಲು ಇದ್ದೇ ಇರುತ್ತದೆ. ಆ ಮಾತನ್ನು ಅವರ ಬಾಯಿಯಿಂದಲೇ ಸರಳ ಕನ್ನಡದಲ್ಲಿ ಹೇಳಿಸಿ, ಅವರ ಹೆಸರಿನಲ್ಲಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ನಿಮ್ಮ ಪರಿಚ್ಛೇದವನ್ನು ತೆಗೆದುಹಾಕಲು ಪ್ರಚಾರ ವಿಭಾಗದವರಿಗೆ ಒಂದು ನಿಮಿಷ ಸಾಕು, ಆದರೆ ತಮ್ಮದೇ ವಿಜ್ಞಾನಿಯ ಮಾತನ್ನು ಅವರನ್ನು ಕೇಳದೆ ತೆಗೆಯಲು ಅವರು ಹಿಂಜರಿಯುತ್ತಾರೆ. ನನ್ನ ಅನುಭವದಲ್ಲಿ ಇದು ಹತ್ತರಲ್ಲಿ ಎಂಟು ಸಲ ಫಲಿಸಿದೆ.

ಎರಡನೆಯ ಮಾತು, ಮಿತಿಯನ್ನು ಹೇಳುವ ವಾಕ್ಯವನ್ನು ಎಂದಿಗೂ ಕೊನೆಯಲ್ಲಿ ಇಡಬೇಡಿ. ನಾನು ಪತ್ರಿಕೆಯ ಪುಟ ಕಟ್ಟಿದವನು, ಜಾಗ ಸಾಲದಿದ್ದಾಗ ಸುದ್ದಿಯನ್ನು ಕೆಳಗಿನಿಂದ ಕತ್ತರಿಸುವುದೇ ನಮ್ಮ ರೂಢಿಯಾಗಿತ್ತು. ಸಂಸ್ಥೆಯವರು ನಿಮ್ಮ ಪರಿಚ್ಛೇದವನ್ನು ಉಳಿಸಿದ್ದರೂ ರಾತ್ರಿ ಪಾಳಿಯ ಉಪಸಂಪಾದಕ ಅದನ್ನು ತೆಗೆದುಬಿಡುತ್ತಿದ್ದ. ಅದು ಎರಡನೆಯ ಪರಿಚ್ಛೇದದಲ್ಲಿ ಬರಬೇಕು, ಸಾಧ್ಯವಾದರೆ ಫಲಿತಾಂಶ ಹೇಳುವ ವಾಕ್ಯದಲ್ಲಿಯೇ ಬೆಸೆದುಕೊಳ್ಳಬೇಕು: "ಪ್ರಯೋಗಾಲಯದ ತಟ್ಟೆಯಲ್ಲಿ ರೋಗಾಣುವಿನ ಬೆಳವಣಿಗೆಯನ್ನು ತಗ್ಗಿಸಿದ ಈ ಸಾರವನ್ನು ಇನ್ನು ಮಳೆಗಾಲದ ತೋಟದಲ್ಲಿ ಪರೀಕ್ಷಿಸಬೇಕಾಗಿದೆ." ಹೀಗೆ ಬರೆದರೆ ಸುದ್ದಿಯನ್ನು ಉಳಿಸಿ ಎಚ್ಚರಿಕೆಯನ್ನು ಮಾತ್ರ ಕತ್ತರಿಸುವುದು ಯಾರಿಗೂ ಸುಲಭವಲ್ಲ.

ಪ್ರಚಾರ ವಿಭಾಗದವರು "ಹೀಗೆ ಬರೆದರೆ ಪತ್ರಿಕೆಗಳು ಹಾಕುವುದಿಲ್ಲ" ಎಂದು ಹೇಳುತ್ತಾರೆ. ಅವರಿಗೆ ತೋರಿಸಲು ಒಂದು ಅಧ್ಯಯನವಿದೆ. ಬ್ರಿಟನ್ನಿನ 20 ಪ್ರಮುಖ ವಿಶ್ವವಿದ್ಯಾನಿಲಯಗಳು ಆರೋಗ್ಯ ಸಂಶೋಧನೆಯ ಬಗ್ಗೆ ಹೊರಡಿಸಿದ 462 ಪತ್ರಿಕಾ ಪ್ರಕಟಣೆಗಳನ್ನು ಮೂಲ ಪ್ರಬಂಧಗಳೊಂದಿಗೆ ಮತ್ತು ಅವುಗಳಿಂದ ಬಂದ ಸುದ್ದಿಗಳೊಂದಿಗೆ ಹೋಲಿಸಿ ನೋಡಿದ ಈ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಪ್ರಕಟಣೆಗಳಲ್ಲಿ ಶೇಕಡಾ 40ರಷ್ಟು ಮೂಲ ಪ್ರಬಂಧವನ್ನು ಮೀರಿದ ಸಲಹೆಯನ್ನು ಓದುಗರಿಗೆ ಕೊಟ್ಟಿದ್ದವು. ಪ್ರಾಣಿಗಳ ಮೇಲೆ ನಡೆದ ಪ್ರಯೋಗವನ್ನು ಮನುಷ್ಯರಿಗೆ ಅನ್ವಯಿಸಿ ಹಿಗ್ಗಿಸಿದವು ಶೇಕಡಾ 36. ಮುಖ್ಯವಾದದ್ದು ಮುಂದಿನ ಅಂಶ. ಪ್ರಕಟಣೆಯಲ್ಲಿ ಸಲಹೆ ಹಿಗ್ಗಿದ್ದಾಗ ಶೇಕಡಾ 58ರಷ್ಟು ಸುದ್ದಿಗಳಲ್ಲಿಯೂ ಅದು ಹಿಗ್ಗಿತ್ತು, ಪ್ರಕಟಣೆ ನೇರವಾಗಿದ್ದಾಗ ಹಾಗೆ ಹಿಗ್ಗಿದ್ದು ಶೇಕಡಾ 17ರಲ್ಲಿ ಮಾತ್ರ. ಅಂದರೆ ಪತ್ರಕರ್ತರ ತಲೆಗೆ ನಾವು ಕಟ್ಟುವ ತಪ್ಪಿನ ದೊಡ್ಡ ಪಾಲು ನಮ್ಮಂತಹವರು ಬರೆದ ಪ್ರಕಟಣೆಯಲ್ಲಿಯೇ ಹುಟ್ಟಿರುತ್ತದೆ. ಹಿಗ್ಗಿಸಿ ಬರೆದದ್ದರಿಂದ ಹೆಚ್ಚು ಪತ್ರಿಕೆಗಳಲ್ಲಿ ಸುದ್ದಿ ಬಂತು ಎನ್ನಲು ಅಲ್ಲಿ ಹೇಳಿಕೊಳ್ಳುವಂತಹ ಆಧಾರವೂ ಸಿಗಲಿಲ್ಲ. ನಾನು ಹೊಸ ಸಂಸ್ಥೆಯೊಂದರ ಜೊತೆ ಕೆಲಸ ಶುರುಮಾಡುವಾಗ ಈ ಅಂಕಿಗಳನ್ನು ಮೊದಲ ಭೇಟಿಯಲ್ಲಿಯೇ ಹೇಳಿಬಿಡುತ್ತೇನೆ. ಜಗಳವಾದ ಮೇಲೆ ಹೇಳಿದರೆ ಅದು ವಾದವಾಗಿ ಕೇಳಿಸುತ್ತದೆ, ಮೊದಲೇ ಹೇಳಿದರೆ ಕೆಲಸದ ಕ್ರಮವೆಂದು ಒಪ್ಪಿಕೊಳ್ಳುತ್ತಾರೆ.

ಇಷ್ಟಾದರೂ ಅವರು ಒಪ್ಪದಿದ್ದರೆ? ನಾನು ಒಂದು ಸಲ ಬಿಟ್ಟುಬಂದಿದ್ದೇನೆ. ಸಮುದ್ರದ ಪಾಚಿಯ ಸಾರವೊಂದು ತಟ್ಟೆಯಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಂದದ್ದನ್ನು "ಕ್ಯಾನ್ಸರಿಗೆ ಕಡಲ ಮದ್ದು" ಎಂದು ಬರೆಯಬೇಕೆಂದು ಹೇಳಿದ್ದರು. ಆಸ್ಪತ್ರೆಯ ವಾರ್ಡಿನಲ್ಲಿ ಕುಳಿತು ಪತ್ರಿಕೆ ಓದುವ ಒಬ್ಬ ರೋಗಿಯ ಮುಖ ಕಣ್ಣಮುಂದೆ ಬಂತು. ಶುಲ್ಕ ಬಿಟ್ಟೆ, ಆ ತಿಂಗಳು ಕಷ್ಟವಾಯಿತು. ಹಾಗೆ ಬಿಡಬೇಕಾಗಿ ಬಂದರೆ ಕಾರಣವನ್ನು ಎರಡೇ ಸಾಲಿನಲ್ಲಿ, ಕೋಪವಿಲ್ಲದೆ, ಬರವಣಿಗೆಯಲ್ಲಿ ತಿಳಿಸಿ. ನಿಮ್ಮ ಹೆಸರನ್ನು ಆ ಪ್ರಕಟಣೆಯ ಜೊತೆ ಎಲ್ಲಿಯೂ ಬಳಸಬಾರದೆಂದೂ ಅದರಲ್ಲಿಯೇ ಕೇಳಿಕೊಳ್ಳಿ.


ಮಣ್ಣಗುಡ್ಡೆಯ ನಿವೃತ್ತ ಅಧ್ಯಾಪಕ

ನಾನು ಸಸ್ಯರೋಗಶಾಸ್ತ್ರವನ್ನು ಮೂವತ್ತು ವರ್ಷ ಕಲಿಸಿದವನು. ಮೇಲಿನ ಇಬ್ಬರ ಮಾತಿಗೂ ವಿಜ್ಞಾನಿಯ ಕಡೆಯಿಂದ ಒಂದಿಷ್ಟು ಸೇರಿಸಬೇಕೆಂದಿದೆ.

ಮೊದಲು ಒಂದು ಸಣ್ಣ ತಿದ್ದುಪಡಿಯನ್ನು ಮುಂಚಿತವಾಗಿಯೇ ಸೂಚಿಸುತ್ತೇನೆ. ಕೊಳೆರೋಗವನ್ನು ತರುವ ಫೈಟಾಫ್ತೊರಾವನ್ನು ಪ್ರಕಟಣೆಗಳಲ್ಲಿ "ಶಿಲೀಂಧ್ರ" ಎಂದೇ ಬರೆಯುವುದು ವಾಡಿಕೆ. ಅದು ಶಿಲೀಂಧ್ರವನ್ನು ಹೋಲುವ, ಆದರೆ ವಂಶದಲ್ಲಿ ಕಂದು ಪಾಚಿಗಳಿಗೆ ಹತ್ತಿರವಾದ ಬೇರೊಂದು ಗುಂಪಿನ ಜೀವಿ. ಇದು ಪಂಡಿತರ ಕೂದಲು ಸೀಳುವಿಕೆಯಲ್ಲ. ಅದರ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಆದ್ದರಿಂದಲೇ ಎಡೆಬಿಡದ ಮಳೆಯಲ್ಲಿ ರೋಗ ಗೊನೆಯಿಂದ ಗೊನೆಗೆ ಹಬ್ಬುತ್ತದೆ. ಈ ಒಂದು ಸಂಗತಿಯನ್ನು ಲೇಖನದಲ್ಲಿ ತಂದರೆ ತಟ್ಟೆಗೂ ತೋಟಕ್ಕೂ ಇರುವ ಅಂತರ ಓದುಗರಿಗೆ ತಾನಾಗಿಯೇ ಅರ್ಥವಾಗುತ್ತದೆ.

ಆ ಅಂತರವನ್ನು ಬರಹಗಾರರು ಎಚ್ಚರಿಕೆಯ ವಾಕ್ಯವಾಗಿ ಅಲ್ಲ, ಕತೆಯ ತಿರುಳಾಗಿಯೇ ಬರೆಯಬಹುದೆಂದು ನನ್ನ ಅಭಿಪ್ರಾಯ. ತಟ್ಟೆಯಲ್ಲಿ ಮಳೆ ಬರುವುದಿಲ್ಲ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ, ಅದರ ಬಹುಭಾಗ ನಾಲ್ಕೇ ತಿಂಗಳಲ್ಲಿ. ಅಷ್ಟು ಮಳೆಗೆ ಗೊನೆಯ ಮೇಲೆ ಅಂಟಿ ನಿಲ್ಲುವುದೇ ಬೋರ್ಡೋ ದ್ರಾವಣದ ದೊಡ್ಡ ಗುಣ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಗಳಿಗೆ ಇನ್ನೊಂದು ಸಲ. ಇದರ ಜಾಗಕ್ಕೆ ಸಸ್ಯಸಾರವೊಂದು ಬರಬೇಕಾದರೆ ಅದು ಮಳೆಗೆ ತೊಳೆದುಹೋಗಬಾರದು, ಬಿಸಿಲಿಗೆ ಕೆಡಬಾರದು, ಎಳೆಕಾಯಿಯನ್ನು ಸುಡಬಾರದು, ಕೃಷಿಕರ ಕೈಗೆಟುಕುವ ಬೆಲೆಗೆ ಸಿಗಬೇಕು, ಬೇರೆ ಬೇರೆ ತೋಟಗಳಲ್ಲಿ ಹಲವು ಮಳೆಗಾಲಗಳನ್ನು ದಾಟಿ ತೋರಿಸಬೇಕು. ತಟ್ಟೆಯಲ್ಲಿ ಗೆದ್ದ ಸಾರಗಳಲ್ಲಿ ಹೆಚ್ಚಿನವು ಈ ದಾರಿಯಲ್ಲಿ ಎಲ್ಲೋ ನಿಂತುಬಿಡುತ್ತವೆ. ಆದರೂ ತಟ್ಟೆಯ ಪ್ರಯೋಗ ವ್ಯರ್ಥವಲ್ಲ, ಅದಿಲ್ಲದೆ ಮುಂದಿನ ಹೆಜ್ಜೆಯೇ ಇಲ್ಲ.

ಇತಿಹಾಸವನ್ನೂ ಒಂದಿಷ್ಟು ತನ್ನಿ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗದ ಬಗ್ಗೆ ವಿವರವಾದ ವರದಿ ಪ್ರಕಟಿಸಿದ್ದು 1910ರಲ್ಲಿ. ಅದರ ಹೆಸರಿನಲ್ಲಿಯೇ "ಕೊಳೆರೋಗ" ಎಂಬ ನಮ್ಮ ಪದವಿತ್ತು. ಅದಕ್ಕೂ ಮೊದಲು, 19ನೆಯ ಶತಮಾನದಲ್ಲಿಯೇ, ಕಾಫಿ ಗಿಡದ ಕೊಳೆರೋಗದ ಶಿಲೀಂಧ್ರಕ್ಕೆ ಪೆಲ್ಲಿಕ್ಯುಲೇರಿಯಾ ಕೊಲೆರೋಗ ಎಂದು ಹೆಸರಿಡಲಾಗಿತ್ತು. ಕನ್ನಡದಲ್ಲಿ ವಿಜ್ಞಾನ ಬರೆಯುವಾಗ ಪದಗಳೇ ಇಲ್ಲವೆಂದು ಕೆಲವರು ಬೇಸರಪಡುತ್ತಾರೆ. ತೋಟದವರ ಮಾತನ್ನು ವಿಜ್ಞಾನವೇ ಎರವಲು ಪಡೆದಿರುವಾಗ ನಾವು ಸಂಕೋಚಪಡಬೇಕಾಗಿಲ್ಲ.

ನಮ್ಮ ಕಡೆಯ ತಪ್ಪನ್ನೂ ಒಪ್ಪಿಕೊಳ್ಳುತ್ತೇನೆ. ಸಂಸ್ಥೆಗಳಿಗೆ ಈಗ ಶ್ರೇಯಾಂಕ, ಮಾನ್ಯತೆ, ಅನುದಾನ ಎಲ್ಲದರ ಒತ್ತಡವಿದೆ. ದೇಶದ ವಿದ್ಯಾಸಂಸ್ಥೆಗಳಿಗೆ ಶ್ರೇಯಾಂಕ ಕೊಡುವ ಎನ್‌ಐಆರ್‌ಎಫ್ ಪಟ್ಟಿ 2016ರಿಂದ ಬರತೊಡಗಿದ ಮೇಲೆ ಹೊರಗಿನವರ ಕಣ್ಣಿಗೆ ಬೀಳಬೇಕೆಂಬ ಆತುರ ಹೆಚ್ಚಿತು. ಹಾಗೆಂದು ದೋಷವೆಲ್ಲ ಪ್ರಚಾರ ವಿಭಾಗದ್ದಲ್ಲ. ಅಂತಿಮ ಪ್ರತಿ ವಿಜ್ಞಾನಿಯ ಮೇಜಿಗೂ ಬರುತ್ತದೆ, ತರಗತಿಗೆ ಹೊರಡುವ ಅವಸರದಲ್ಲಿ ನಾವು ಸರಿಯಾಗಿ ಓದದೆ ಸಹಿ ಹಾಕಿಬಿಡುತ್ತೇವೆ. ನಾನೂ ಹಾಗೆ ಸಹಿ ಹಾಕಿದ್ದೇನೆ, ನಂತರ ಕೃಷಿಕರೊಬ್ಬರು ಊರಿನಿಂದ ಬಂದು "ಆ ಮದ್ದು ಎಲ್ಲಿ ಸಿಗುತ್ತದೆ ಸರ್" ಎಂದು ಕೇಳಿದಾಗ ತಲೆ ತಗ್ಗಿಸಿದ್ದೇನೆ. ಆದ್ದರಿಂದ ನಿಮ್ಮ ಸಂಶೋಧಕರನ್ನು ಒಂದೇ ಪ್ರಶ್ನೆ ಕೇಳಿ: "ಈ ಶೀರ್ಷಿಕೆಯನ್ನು ಓದಿದ ಕೃಷಿಕರು ಈ ವರ್ಷ ಮದ್ದು ಸಿಂಪಡಿಸದಿದ್ದರೆ ಹೊಣೆ ಯಾರದು?" ಪ್ರಾಮಾಣಿಕರಾಗಿದ್ದರೆ ಅವರೇ ಫೋನ್ ಎತ್ತಿಕೊಳ್ಳುತ್ತಾರೆ.


ಸ್ವರ್ಣಾತೀರ, ಉಡುಪಿ

ಇಬ್ಬರಿಗೂ ಮನಃಪೂರ್ವಕ ಕೃತಜ್ಞತೆಗಳು. ಎಚ್ಚರಿಕೆಯನ್ನು ಕೊನೆಯಲ್ಲಿ ಇಟ್ಟದ್ದು ನನ್ನದೇ ತಪ್ಪೆಂದು ಈಗ ಕಾಣುತ್ತಿದೆ. ಸಂಶೋಧಕರೊಂದಿಗೆ ಸೋಮವಾರ ಮಾತನಾಡುತ್ತೇನೆ. ಇನ್ನೊಂದು ವಿಷಯ ಕೇಳಲು ಸಂಕೋಚವಾಗುತ್ತಿದೆ: ಈ ಕೆಲಸ ಮಾಡುತ್ತೇನೆಂದು ತಿಳಿದವರಲ್ಲಿ ಕೆಲವರು ತಮ್ಮ ಪಿಎಚ್‌ಡಿ ಪ್ರಬಂಧದ ಅಧ್ಯಾಯಗಳನ್ನು ಬರೆದುಕೊಡಲು ಕೇಳುತ್ತಾರೆ. ಅವರು ಹೇಳುವ ಮೊತ್ತ ಲೇಖನದ ಶುಲ್ಕಕ್ಕಿಂತ ಬಹಳ ಹೆಚ್ಚು. ನಾನು ಒಪ್ಪಿಲ್ಲ. ಭಾಷೆಯನ್ನು ಮಾತ್ರ ತಿದ್ದಿಕೊಡುವುದಾದರೆ ಸರಿಯೇ, ಗೆರೆ ಎಲ್ಲಿದೆ ಎಂದು ತಿಳಿಯಬೇಕಾಗಿತ್ತು.


ಲೆಕ್ಕದ ಮನೆ, ಕುಂದಾಪುರ

ನಾನು ತೆರಿಗೆ ಸಲಹೆಗಾರ. ನನ್ನ ಬಳಿ ಬರುವ ಬರಹಗಾರರಿಗೂ ಅನುವಾದಕರಿಗೂ ಹೇಳುವುದನ್ನೇ ಇಲ್ಲಿ ಹೇಳುತ್ತೇನೆ.

ಬಾಯಿಮಾತಿನ ಕೆಲಸವನ್ನು ಇಂದಿನಿಂದಲೇ ನಿಲ್ಲಿಸಿ. ಇಮೇಲ್‌ನಲ್ಲಿ ಅರ್ಧ ಪುಟ ಸಾಕು. ಎಷ್ಟು ಪದಗಳ ಲೇಖನ, ಎಷ್ಟು ಸುತ್ತಿನ ತಿದ್ದುಪಡಿ ಶುಲ್ಕದಲ್ಲಿ ಸೇರಿದೆ, ಹಣ ಎಷ್ಟು ದಿನಗಳೊಳಗೆ ಬರಬೇಕು, ಅಂತಿಮ ಪ್ರತಿಗೆ ಸಂಶೋಧಕರ ಮತ್ತು ನಿಮ್ಮ ಒಪ್ಪಿಗೆ ಎರಡೂ ಬೇಕು ಎಂಬುದನ್ನು ಬರೆದು, ಅವರಿಂದ "ಒಪ್ಪಿದೆ" ಎಂಬ ಉತ್ತರ ಪಡೆಯಿರಿ. ನಿಮ್ಮ ಈಗಿನ ತೊಡಕಿಗೆ ಆ ಕೊನೆಯ ಷರತ್ತೇ ಮದ್ದಾಗುತ್ತಿತ್ತು. ಶುಲ್ಕವನ್ನು ಪದಗಳ ಲೆಕ್ಕದಲ್ಲಿ ಕೇಳಬೇಡಿ. ಎಂಟುನೂರು ಪದ ಬರೆಯಲು ಒಂದು ದಿನ ಸಾಕಾಗಬಹುದು. ಪ್ರಬಂಧವನ್ನು ಓದಿ ಅರ್ಥಮಾಡಿಕೊಳ್ಳಲು, ವಿಜ್ಞಾನಿಯನ್ನು ಕಂಡು ಬರಲು, ತಿದ್ದುಪಡಿಗಳಿಗೆ ಇನ್ನೂ ಮೂರು ದಿನ ಬೇಕು. ದಿನದ ಲೆಕ್ಕ ಹಾಕಿ ಲೇಖನಕ್ಕೆ ಒಟ್ಟು ಮೊತ್ತ ಹೇಳಿ.

ಕೃತಿಸ್ವಾಮ್ಯದ ಬಗ್ಗೆ ಹೆಚ್ಚಿನವರಲ್ಲಿ ತಪ್ಪು ತಿಳಿವಳಿಕೆಯಿದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಸಂಬಳದ ನೌಕರ ಕೆಲಸದ ಭಾಗವಾಗಿ ಬರೆದದ್ದು, ಬೇರೆ ಒಪ್ಪಂದವಿಲ್ಲದಿದ್ದರೆ, ಸಂಸ್ಥೆಯದ್ದು. ಆದರೆ ನಿಮ್ಮಂತಹ ಸ್ವತಂತ್ರ ಬರಹಗಾರರು ಬರೆದದ್ದು, ಬರವಣಿಗೆಯಲ್ಲಿ ವರ್ಗಾಯಿಸುವವರೆಗೆ, ಸಾಮಾನ್ಯವಾಗಿ ಅವರದ್ದೇ. ವರ್ಗಾವಣೆಯ ಪತ್ರದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷವೆಂದೂ, ಪ್ರದೇಶ ಹೇಳದಿದ್ದರೆ ಭಾರತವೆಂದೂ ಕಾಯಿದೆಯೇ ಭಾವಿಸುತ್ತದೆ. ಪತ್ರಿಕಾ ಪ್ರಕಟಣೆಯ ಹಕ್ಕನ್ನು ಪೂರ್ತಿ ಬಿಟ್ಟುಕೊಡುವುದರಲ್ಲಿ ನಷ್ಟವಿಲ್ಲ, ದೀರ್ಘ ಲೇಖನಗಳಿಗೆ ಮಾತ್ರ ಮುಂದೆ ಪುಸ್ತಕದಲ್ಲಿ ಸೇರಿಸುವ ಹಕ್ಕನ್ನು ಉಳಿಸಿಕೊಳ್ಳಿ.

ವೃತ್ತಿಪರ ಸೇವೆಯ ಶುಲ್ಕದಿಂದ ಸಂಸ್ಥೆಗಳು ಶೇಕಡಾ 10ರಷ್ಟು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ಆದಾಯ ತೆರಿಗೆ) ಹಿಡಿಯುತ್ತವೆ. ಒಂದು ಸಂಸ್ಥೆಯಿಂದ ವರ್ಷಕ್ಕೆ 30,000 ರೂಪಾಯಿ ಮೀರಿದರೆ ಎಂಬ ಮಿತಿ 2025ರ ಏಪ್ರಿಲ್‌ನಿಂದ 50,000ಕ್ಕೆ ಏರಿದೆ. ಒಟ್ಟು ಆದಾಯ ತೆರಿಗೆಯ ಮಿತಿಯೊಳಗಿದ್ದರೆ ವಿವರಪತ್ರ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆಯಬಹುದು. ಎಷ್ಟೋ ಬರಹಗಾರರು ಹಾಗೆಯೇ ಬಿಟ್ಟುಬಿಡುತ್ತಾರೆ. ಸೇವೆಯಿಂದ ಬರುವ ವಾರ್ಷಿಕ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ಸಣ್ಣ ಉದ್ಯಮಗಳಿಗಾಗಿ ಸರ್ಕಾರ ನಡೆಸುವ ಉದ್ಯಮ್ ಪೋರ್ಟಲ್‌ನಲ್ಲಿ ಸೇವಾ ಉದ್ಯಮವಾಗಿ ನೋಂದಾಯಿಸಿಕೊಳ್ಳಿ, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳ 2006ರ ಕಾಯಿದೆಯಂತೆ, ಒಪ್ಪಂದದಲ್ಲಿ ಏನೇ ಬರೆದಿದ್ದರೂ 45 ದಿನಗಳಿಗಿಂತ ಹೆಚ್ಚು ಕಾಲ ನಿಮ್ಮ ಹಣವನ್ನು ತಡೆಹಿಡಿಯುವಂತಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಕಂಡರೆ ಲೆಕ್ಕಪತ್ರ ವಿಭಾಗದವರು ಕಡತವನ್ನು ಬೇಗ ಮುಂದಕ್ಕೆ ಕಳಿಸುವುದನ್ನು ಕಂಡಿದ್ದೇನೆ.

ಪಿಎಚ್‌ಡಿ ಅಧ್ಯಾಯಗಳ ವಿಷಯದಲ್ಲಿ ನೀವು ಒಪ್ಪದಿದ್ದದ್ದು ಸರಿ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯ ಪ್ರಕಾರ ಪ್ರಬಂಧವನ್ನು ತಾನೇ ಸಿದ್ಧಪಡಿಸಿದ್ದು, ಅದು ತನ್ನ ಮೂಲ ಕೃತಿ ಎಂದು ವಿದ್ಯಾರ್ಥಿ ಮುಚ್ಚಳಿಕೆ ಬರೆದುಕೊಡಬೇಕು. ನೀವು ಬರೆದುಕೊಟ್ಟರೆ ಆ ಮುಚ್ಚಳಿಕೆಯೇ ಸುಳ್ಳಾಗುತ್ತದೆ. ವಿದ್ಯಾರ್ಥಿ ಬರೆದ ವಾಕ್ಯದ ವ್ಯಾಕರಣವನ್ನು, ಮಾರ್ಗದರ್ಶಕರಿಗೆ ತಿಳಿದಿರುವಂತೆ, ತಿದ್ದಿಕೊಡಬಹುದು. ವಾದ, ವಿಶ್ಲೇಷಣೆ, ತೀರ್ಮಾನ ಯಾವುದೂ ನಿಮ್ಮದಾಗಬಾರದು.


ಪೆರುವಾಯಿ ತೋಟ, ವಿಟ್ಲ

ಅಕ್ಕ, ನಾನು ಬರಹಗಾರನಲ್ಲ, ಅಡಿಕೆ ಕೃಷಿಕ. ಓದುವವರ ಕಡೆಯಿಂದ ಎರಡು ಮಾತು ಹೇಳಬೇಕೆನಿಸಿತು.

ಪ್ರಯೋಗಾಲಯದಲ್ಲಿ ಆದದ್ದನ್ನು ತಿಳಿದುಕೊಳ್ಳಲು ನಮಗೆ ಆಸೆಯಿದೆ. "ಇನ್ನೂ ತೋಟದಲ್ಲಿ ನೋಡಿಲ್ಲ" ಎಂದು ಬರೆದರೆ ನಾವು ಪತ್ರಿಕೆ ಮಡಚಿ ಇಡುತ್ತೇವೆಂದು ಸಂಸ್ಥೆಯವರು ತಿಳಿದಿದ್ದರೆ ಅದು ತಪ್ಪು. ಹಾಗೆ ಬರೆದವರನ್ನೇ ಮುಂದಿನ ಸಲ ನಂಬಿ ಓದುತ್ತೇವೆ. ಮದ್ದು ಸರಿಯಾಗಿದೆಯೇ ಎಂದು ನೋಡಲು ಇಂದಿಗೂ ನನ್ನ ತಂದೆ ದ್ರಾವಣದಲ್ಲಿ ಚೂರಿಯ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಾದರೆ ಇನ್ನಷ್ಟು ಸುಣ್ಣದ ನೀರು ಸೇರಿಸುತ್ತಾರೆ. ಪರೀಕ್ಷೆಯ ಬೆಲೆ ನಮಗೆ ತಿಳಿಯದ್ದಲ್ಲ.

ಇನ್ನೊಂದು, "ಪ್ರತಿಬಂಧಿಸುತ್ತದೆ", "ಪರಿಣಾಮಕಾರಿ" ಎಂಬ ಪದಗಳು ಪ್ರಕಟಣೆಗಳಲ್ಲಿ ತುಂಬಿರುತ್ತವೆ. ಅದು ರೋಗಾಣುವನ್ನು ಕೊಂದಿತೇ, ಬೆಳೆಯುವುದನ್ನು ನಿಧಾನಗೊಳಿಸಿತೇ, ಎಷ್ಟು ದಿನ? ಇಷ್ಟು ಬರೆದರೆ ನಮಗೆ ಸಾಕು. ತೋಟದ ಪರೀಕ್ಷೆಗೆ ಜಾಗ ಬೇಕಾದರೆ ನಮ್ಮಲ್ಲಿ ನಾಲ್ಕಾರು ಮಂದಿ ಕೊಡಲು ತಯಾರಿದ್ದೇವೆಂದೂ ಆ ವಿಜ್ಞಾನಿಯವರಿಗೆ ತಿಳಿಸಿ.


ಸ್ವರ್ಣಾತೀರ, ಉಡುಪಿ

ಒಂಬತ್ತು ದಿನಗಳ ನಂತರ ಬರೆಯುತ್ತಿದ್ದೇನೆ. ಸಂಶೋಧಕರು ತಿದ್ದುಪಡಿಯಾದ ಪ್ರತಿಯನ್ನು ನೋಡಿಯೇ ಇರಲಿಲ್ಲ. ಅಧ್ಯಾಪಕರು ಹೇಳಿದ ಪ್ರಶ್ನೆಯನ್ನು ನಾನು ಪೂರ್ತಿ ಕೇಳುವ ಮೊದಲೇ ಅವರು ಪ್ರಚಾರ ವಿಭಾಗಕ್ಕೆ ಫೋನ್ ಮಾಡಿದರು. ಶೀರ್ಷಿಕೆ ಈಗ "ಕೊಳೆರೋಗ: ಪ್ರಯೋಗಾಲಯದಲ್ಲಿ ಭರವಸೆ ತೋರಿದ ಸಸ್ಯಸಾರ, ತೋಟದ ಪರೀಕ್ಷೆ ಬಾಕಿ" ಎಂದಾಗಿದೆ. ಇದಕ್ಕಿಂತ ಚಿಕ್ಕದಾಗಬೇಕಿತ್ತು, ಆದರೂ ತೃಪ್ತಿಯಿದೆ. ಬೋರ್ಡೋ ದ್ರಾವಣವನ್ನು ನಿಲ್ಲಿಸಬಾರದೆಂಬ ಮಾತು ಎರಡನೆಯ ಪರಿಚ್ಛೇದದಲ್ಲಿ ಸಂಶೋಧಕರ ಹೆಸರಿನಲ್ಲಿಯೇ ಬಂದಿದೆ. ಎರಡು ಪತ್ರಿಕೆಗಳು ಪ್ರಕಟಿಸಿದವು. ಒಂದು ಪತ್ರಿಕೆ ಕೆಳಗಿನ ಮೂರು ಪರಿಚ್ಛೇದಗಳನ್ನು ಕತ್ತರಿಸಿತ್ತು, ಎಚ್ಚರಿಕೆಯ ಮಾತು ಮಾತ್ರ ಹಾಗೆಯೇ ಉಳಿದಿತ್ತು.

ಮುಂದಿನ ಕೆಲಸಕ್ಕೆ ಅರ್ಧ ಪುಟದ ಒಪ್ಪಂದವನ್ನು ಇಮೇಲ್ ಮಾಡಿದ್ದೇನೆ, ಒಪ್ಪಿಗೆಯೂ ಬಂದಿದೆ. ವಿಟ್ಲದ ಅಣ್ಣನವರೇ, ನಿಮ್ಮ ಸಂದೇಶವನ್ನು ಸಂಶೋಧಕರಿಗೆ ಓದಿ ಹೇಳಿದೆ. ತೋಟದ ಪರೀಕ್ಷೆಗೆ ಅನುದಾನದ ಅರ್ಜಿ ಸಿದ್ಧಪಡಿಸುತ್ತಿದ್ದಾರೆ, ತೋಟ ಕೊಡಲು ಒಪ್ಪುವ ಕೃಷಿಕರನ್ನು ಮಳೆ ಕಳೆದ ಮೇಲೆ ಬಂದು ಕಾಣುವುದಾಗಿ ತಿಳಿಸಿದ್ದಾರೆ. ಆಗ ನಾನೂ ಜೊತೆಯಲ್ಲಿ ಬರುತ್ತೇನೆ.